ಆ ಗೋಡೆಯ ಮೇಲಿನ ಕೆಂಪು ಬಣ್ಣದ್ದಲ್ಲ

ರಾಜಧಾನಿಯ ಸ್ಮಾರಕಗಳನ್ನೆಲ್ಲ ಕಾಯುವ ದೊಡ್ಡ ಅಧಿಕಾರಿಗಳೇ,

ನಿಮ್ಮ ಕಾವಲುಗಾರ ನನ್ನ ಬಲಗೈಯ ಮೂರು ಬೆರಳು ಮುರಿದ. ನನ್ನ ಸೊಸೆ ಅವನ ಮುಂದಿನ ಹಲ್ಲು ಉದುರಿಸಿದಳು. ಮುರಿದವನು ಡ್ಯೂಟಿಯಲ್ಲಿದ್ದಾನೆ, ಉದುರಿಸಿದವಳು ಜೈಲಿನಲ್ಲಿದ್ದಾಳೆ. ಇಷ್ಟೇ ಆಗಿದ್ದರೆ ಹಣೆಬರಹ ಎಂದು ಸುಮ್ಮನಿರುತ್ತಿದ್ದೆನೇನೋ. ಇಲ್ಲ, ಸುಳ್ಳೇಕೆ, ಆಗಲೂ ಸುಮ್ಮನಿರುತ್ತಿರಲಿಲ್ಲ. ಆದರೆ ನೀವು ಅವಳ ಮೇಲೆ ಹೊರಿಸಿರುವುದು ಹಲ್ಲಿನ ತಪ್ಪನ್ನಲ್ಲ. ಹುತಾತ್ಮರ ಗೋಡೆಗೆ ಕೆಂಪು ಬಣ್ಣ ಬಳಿದು ವಿರೂಪಗೊಳಿಸಿದಳಂತೆ. ಮಾನ್ಯರೇ, ಅದು ಬಣ್ಣವಲ್ಲ, ನನ್ನ ರಕ್ತ. ಅದು ಹರಿದದ್ದು ನನ್ನ ಮಗನ ಹೆಸರಿನ ಮೇಲೆ. ಅವಳು ಅವನ ಹೆಂಡತಿ.

ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ಎರಡನೇ ಕ್ಲಾಸು. ಸ್ಲೇಟಿರಲಿಲ್ಲ, ಮರಳಿನಲ್ಲಿ ಬೆರಳಿಟ್ಟು ತಿದ್ದಿ ಕಲಿತದ್ದು. ಇವತ್ತಿಗೂ ಬೆರಳು ಓಡದೆ ನನಗೆ ಅಕ್ಷರ ಹತ್ತುವುದಿಲ್ಲ. ಬಸ್ಸಿನ ಬೋರ್ಡು ಓದಲು ಗಾಳಿಯಲ್ಲಿ ಬೆರಳಾಡಿಸುತ್ತೇನೆ, ಕೈ ತೋರಿಸಿದಳೆಂದು ಬಸ್ಸು ನಿಲ್ಲುತ್ತದೆ, ಕಂಡಕ್ಟರನ ಬಾಯಲ್ಲಿ ಮಂಗಳಾರತಿ ಮಾಡಿಸಿಕೊಳ್ಳುತ್ತೇನೆ. ನೀವು ಕಣ್ಣಲ್ಲಿ ಓದುವವರು, ನಾನು ಬೆರಳಲ್ಲಿ. ನಿಮ್ಮವನು ಮುರಿದದ್ದು ನನ್ನ ಕಣ್ಣನ್ನು ಎಂದು ತಿಳಿಯಿರಿ. ಈ ಕಾಗದ ಎಡಗೈಯಲ್ಲಿ ಬರೆದದ್ದು.

ಮಗನನ್ನು ಗಡಿಯಿಂದ ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಕಳಿಸಿದ್ದಿರಿ. "ತೆಗೀಬೇಡಿ ತಾಯಿ, ನೋಡೋ ಹಾಗಿಲ್ಲ" ಅಂದರು ಜೊತೆಗೆ ಬಂದವರು. ನೋಡಲಿಲ್ಲ, ಮುಟ್ಟಲಿಲ್ಲ, ಹಾಗೇ ಮಣ್ಣು ಮಾಡಿದೆವು. ಆಮೇಲೆ ರಾಜಧಾನಿಯಲ್ಲಿ ಗೋಡೆ ಎದ್ದಿದೆ, ಅವನ ಹೆಸರು ಕೊರೆದಿದ್ದಾರೆ ಎಂದು ಸುದ್ದಿ ಬಂತು. ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ರಜೆ ಕೇಳಿ, ನನ್ನನ್ನೂ ತನ್ನ ಮಗಳನ್ನೂ ಕರೆದುಕೊಂಡು ಹೊರಟಳು. ಊರು ತೋರಿಸುವ ಬಸ್ಸು ಹತ್ತಿದೆವು, ಕೊನೆಗೆ ಆ ಗೋಡೆಗೂ ಹೋಗುತ್ತದೆ ಎಂದು.

ನಿಮ್ಮ ಊರು ಚೆನ್ನಾಗಿದೆ, ಕಸಾಯಿಖಾನೆಗೆ ಹೂಕುಂಡ ಇಟ್ಟ ಹಾಗೆ. ಮೊದಲು ಕುದುರೆ ಮೇಲಿನ ಸೇನಾಪತಿ. ಕುದುರೆಯ ಕಾಲ ಕೆಳಗೊಬ್ಬ ಸಾಯುತ್ತಾ ಬಿದ್ದಿದ್ದಾನೆ, ಕಂಚಿನವನು. ಅದೃಷ್ಟ ಬರುತ್ತದೆಂದು ಜನ ಆ ಗೊರಸನ್ನು ಸವರಿ ಸವರಿ ಚಿನ್ನದಂತೆ ಹೊಳೆಯಿಸಿದ್ದಾರೆ. ಆಮೇಲೆ ಕೋಟೆ, ಅದರೊಳಗೆ ರಾಜ ತಲೆ ಕಡಿಸುತ್ತಿದ್ದ ಕಲ್ಲು. "ಕುತ್ತಿಗೆ ಇಟ್ಟು ಫೋಟೊ ತೆಗೆಸ್ಕೊಳ್ಳಿ, ಪರವಾಗಿಲ್ಲ" ಅಂದ ಮೈಕು ಹಿಡಿದ ಗೈಡು. ಒಬ್ಬ ಗಂಡ ಕುತ್ತಿಗೆ ಇಟ್ಟ, ಹೆಂಡತಿ ಕೊಡೆ ಎತ್ತಿ ಕಡಿಯುವಂತೆ ನಿಂತಳು, ಎಲ್ಲರೂ ನಕ್ಕರು. ಆಮೇಲೆ ಫಿರಂಗಿ. ಒಂದೇ ಗುಂಡಿಗೆ ಒಂದು ಕೇರಿಯನ್ನೇ ಸುಟ್ಟದ್ದಂತೆ. ನಿಮ್ಮದೇ ಕಾವಲುಗಾರನೊಬ್ಬ ನನ್ನ ಮೊಮ್ಮಗಳನ್ನು ಎತ್ತಿ ಅದರ ಮೇಲೆ ಕೂರಿಸಿ, "ನಗಮ್ಮಾ ಪುಟ್ಟಿ" ಎಂದು ಫೋಟೊ ತೆಗೆದುಕೊಟ್ಟ. ಒಳ್ಳೆಯವನೇ.

ಕೊನೆಗೆ ಗೋಡೆ. ಕರಿಕಲ್ಲು, ಆಳವಾಗಿ ಕೊರೆದ ಅಕ್ಷರ. ಸೊಸೆ ಹೆಸರು ಹುಡುಕಿ, "ಅತ್ತೆ, ಇಲ್ಲಿದ್ದಾರೆ" ಅಂದಳು. ಕೊರೆದಿದೆ ಅನ್ನಲಿಲ್ಲ, ಇದ್ದಾರೆ ಅಂದಳು. ನಾನು ಮೊದಲಕ್ಷರದೊಳಗೆ ಬೆರಳಿಟ್ಟೆ. ಕಲ್ಲು ಬೆಚ್ಚಗಿತ್ತು.

"ಏಯ್ ಅಜ್ಜಿ, ಕೈ ತೆಗಿ! ಮುಟ್ಟಬಾರದು ಅಂತ ಬೋರ್ಡಿರೋದು ಕಾಣಲ್ವಾ?"

"ಕಾಣುತ್ತಪ್ಪಾ. ಅದನ್ನ ಓದಬೇಕಾದ್ರೂ ಮುಟ್ಟಬೇಕು ನಾನು. ಇದು ಮುಗಿಸಿ ಅಲ್ಲಿಗೆ ಬರ್ತೀನಿ."

ಸುತ್ತಲಿದ್ದವರು ನಕ್ಕರು. ಗೋಡೆಯ ಕಾವಲುಗಾರನ ಮುಖ ಕೆಂಡವಾಯಿತು. ಹಿಂದೆ ಕಲ್ಲು, ಮುಂದೆ ಲಾಠಿ, ನಡುವೆ ನನ್ನ ಕೈ. ಒಣ ಪುಳ್ಳೆ ಮುರಿದ ಸದ್ದಾಯಿತು. ಕೈ ಎಳೆದುಕೊಳ್ಳುವ ಮೊದಲೇ ಇನ್ನೊಂದು ಏಟು ಬಿತ್ತು. ಉಗುರು ಕಿತ್ತುಬಂತು, ರಕ್ತ ಅಕ್ಷರದೊಳಗಿಂದ ಅಕ್ಷರಕ್ಕೆ ಇಳಿಯಿತು.

"ಅತ್ತೆ, ಸ್ವಲ್ಪ ಸರ್ಕೊಳ್ಳಿ" ಅಂದಳು ಸೊಸೆ. ಅಷ್ಟೇ ಅಂದದ್ದು. ನೀರು ಕುಡಿದ ಹೊದಿಕೆಗಳನ್ನು ದಿನವಿಡೀ ಹಿಂಡುವ ತೋಳು ಅವಳದು. ಲಾಠಿ ಅವನ ಕೈಯಿಂದ ಬಂದದ್ದೂ ಅವನ ಬಾಯಿಗೆ ಹೋದದ್ದೂ ನನಗೆ ಒಂದೇ ಆಗಿ ಕಂಡಿತು. ಆಮೇಲೆ ಉಳಿದ ಕಾವಲುಗಾರರು ಓಡಿಬಂದರು. ಅವಳ ಜುಟ್ಟು ಹಿಡಿದು ಕೆಡವಿದರು, ಬೂಟುಗಾಲಲ್ಲಿ ಹೊಟ್ಟೆಗೆ, ಪಕ್ಕೆಗೆ ಒದ್ದರು. ಮೊಮ್ಮಗಳು ಕಿರುಚುತ್ತಿದ್ದಳು. ನಾನು ಸಿಕ್ಕವನ ಮಣಿಕಟ್ಟು ಕಚ್ಚಿದೆ. ಅದು ದೂರಿನಲ್ಲಿಲ್ಲ. ಬೊಚ್ಚುಬಾಯಿ ಮುದುಕಿ ಕಚ್ಚಿದಳೆಂದು ಬರೆಸಲು ನಾಚಿಕೆಯಾಗಿರಬೇಕು. ದಯವಿಟ್ಟು ಸೇರಿಸಿಕೊಳ್ಳಿ, ಇರುವ ನಾಲ್ಕು ಹಲ್ಲಿನ ಮರ್ಯಾದೆಯ ಪ್ರಶ್ನೆ. ಅಷ್ಟರಲ್ಲಿ ಗೈಡು ಮೈಕಿನಲ್ಲಿ, "ಆ ಕಡೆ ನೋಡಬೇಡಿ, ಬಲಗಡೆ ನೋಡಿ, ವಿಜಯಗೋಪುರ!" ಅನ್ನುತ್ತಿದ್ದ. ಎಲ್ಲರೂ ಬಲಗಡೆ ನೋಡಿದರು.

ನಿಮ್ಮವರು ಗೋಡೆಯ ಫೋಟೊ ತೆಗೆದು, ಕೂಡಲೇ ಪೈಪು ಹಿಡಿದು ತೊಳೆದರು. ಠಾಣೆಯಲ್ಲಿ ಆ ಫೋಟೊ ಇಟ್ಟುಕೊಂಡು, "ಬಣ್ಣ ಎಲ್ಲಿ ತಗೊಂಡ್ರಿ?" ಎಂದು ಕೇಳಿದರು. "ನಮ್ಮವ್ವನ ಹೊಟ್ಟೇಲಿ" ಅಂದೆ. ಅದನ್ನೂ ಬರೆದುಕೊಳ್ಳಲಿಲ್ಲ. ಬಣ್ಣ ಎಂದೇ ಏಕೆ ಬರೆದರು, ನನಗೆ ಗೊತ್ತು. ರಕ್ತ ಎಂದು ಬರೆದರೆ ಯಾರದು, ಸುರಿಸಿದವರು ಯಾರು ಎಂದು ಯಾರಾದರೂ ಕೇಳಿಯಾರು. ಬಣ್ಣವನ್ನು ಯಾರು ಕೇಳುತ್ತಾರೆ?

ನನಗಿರುವುದು ಒಂದೇ ಸಂದೇಹ. ಕೊಂದ ಫಿರಂಗಿಯನ್ನು ಮುಟ್ಟಬಹುದು, ತಲೆ ಕಡಿದ ಕಲ್ಲನ್ನು ತಬ್ಬಬಹುದು, ಸೇನಾಪತಿಯ ಕುದುರೆಯ ಗೊರಸು ಸವರಬಹುದು. ಸತ್ತವನ ಹೆಸರನ್ನು ಮಾತ್ರ ಹೆತ್ತವಳು ಮುಟ್ಟಬಾರದೇ? ಗೋಡೆ ಕಟ್ಟಿಸಿದ್ದು ನೀವು ನಿಜ. ಅದರ ಮೇಲೆ ಬರೆಯುವುದಕ್ಕೆ ಹೆಸರು ಕೊಟ್ಟದ್ದು ಯಾರು?

ನನ್ನ ಸೊಸೆಯನ್ನು ಬಿಡಿ. ಅವಳ ಎರಡು ಪಕ್ಕೆಲುಬು ಮುರಿದಿವೆ, ಉಸಿರೆಳೆದರೆ ಅಳುತ್ತಾಳೆ, ಕಂಬಿಯ ಆಚೆ ನಿಂತು "ಮಗೂಗೆ ಜಡೆ ಹಾಕಿದ್ರಾ ಅತ್ತೆ?" ಎಂದು ಕೇಳುತ್ತಾಳೆ. ಒಂದು ಕೈಯಲ್ಲಿ ಜಡೆ ಹೇಗೆ ಹಾಕಲಿ? ಹಾಕಿದೆ ಅನ್ನುತ್ತೇನೆ. ಹಲ್ಲಿಗೆ ಏನು ಶಿಕ್ಷೆಯೋ ಕೊಡಿ, ನನ್ನ ಬೆರಳಿಗೂ ಅವಳ ಪಕ್ಕೆಗೂ ಏನು ಶಿಕ್ಷೆಯೋ ಅದನ್ನು ನಿಮ್ಮವರಿಗೂ ಕೊಡಿ. ಆದರೆ ಬಣ್ಣ ಎಂಬ ಮಾತು ಹೊಡೆದುಹಾಕಿ, ರಕ್ತ ಎಂದು ಬರೆಯಿರಿ, ನನ್ನದೆಂದು ಬರೆಯಿರಿ.

ಅವಳು ಹೊರಗೆ ಬಂದ ದಿನ ನಾವು ಮೂವರೂ ಮತ್ತೆ ಆ ಗೋಡೆಗೆ ಬರುತ್ತೇವೆ. ಬೆರಳು ಸೊಟ್ಟಗೇ ಕೂಡಿಕೊಳ್ಳುತ್ತದಂತೆ, ಡಾಕ್ಟರು ಹೇಳಿದರು. ಸೊಟ್ಟಗಿದ್ದರೂ ಓದಬಹುದು. ಲಾಠಿ ಬಿದ್ದಾಗ ನಾನು ಇನ್ನೂ ಎರಡನೇ ಅಕ್ಷರದಲ್ಲಿದ್ದೆ. ನನ್ನ ಮಗ ಅಲ್ಲಿ ಅರ್ಧಕ್ಕೇ ನಿಂತಿದ್ದಾನೆ.

ಇಂತಿ,
ನಿಮ್ಮ ಗೋಡೆಯ ಮೇಲಿರುವವನನ್ನು ಹೆತ್ತವಳು
(ಅಕ್ಷರ ಅಡ್ಡಾದಿಡ್ಡಿಯಾಗಿದ್ದರೆ ನಿಮ್ಮ ಕಾವಲುಗಾರನನ್ನು ಕೇಳಿ)