ಅತ್ತೆಯ ಮಂಚ ಹತ್ತಿದ ಬಿಸಿಲು

ಡಿಸೆಂಬರ್ ೨೧, ರಾತ್ರಿ

ಪಾರ್ಶ್ವವಾಯು ಬಡಿದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅತ್ತೆ ಒಂದು ಮಾತೂ ಆಡಿರಲಿಲ್ಲ. ಬೆಳಿಗ್ಗೆ ಹವಾಮಾನ ಕಚೇರಿಯ ತಾರಸಿಯಲ್ಲಿ ಬಿಸಿಲಳೆಯುವ ಮಾಪಕದ ಗಾಜು ಒರೆಸುವಾಗಲೂ ನನಗೆ ಅದೇ ಕೊರೆತ. ಮೋಡದ ದಿನಗಳನ್ನು ಬಿಟ್ಟರೆ ಈ ವಾರದ ಬಿಸಿಲು ವರ್ಷದಲ್ಲೇ ಕಡಿಮೆ.

"ಭೂಮಧ್ಯರೇಖೆ ಹತ್ರ ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಬಿಸಿಲು. ಉತ್ತರ ಧ್ರುವದ ಕಡೆ ಈಗ ಸೂರ್ಯನೇ ಹುಟ್ಟಲ್ಲ. ನಮ್ದೇ ಎಡಬಿಡಂಗಿ," ಎಂದು ಜೊತೆಗಾರ ನಕ್ಕ.

ಮಧ್ಯಾಹ್ನ ಊಟಕ್ಕೆ ಬಂದರೆ ಅತ್ತೆಯ ಕೋಣೆ ತುಂಬ ಬೆಳಕು. ಬೇಸಿಗೆಯಲ್ಲಿ ನೆತ್ತಿಯ ಮೇಲೆ ಉರಿಯುತ್ತಾ ದಕ್ಷಿಣದ ಕಿಟಕಿಯೊಳಗೆ ಇಣುಕಿಯೂ ನೋಡದ ಸೂರ್ಯ ಇವತ್ತು ತಗ್ಗಿ, ಓರೆಯಾಗಿ, ನೆಲದುದ್ದಕ್ಕೂ ಹರಿದು ಮಂಚ ಹತ್ತಿದ್ದ. ಓರೆ ಬಿಸಿಲಿಗೆ ಕಾವು ಕಡಿಮೆಯೆಂದು ನಾನು ಬಲ್ಲೆ. ಅದು ಮನೆಯೊಳಗೆ ಇಷ್ಟು ದೂರ ಬರುವುದನ್ನು ಕಂಡಿರಲಿಲ್ಲ. ಅವರ ಕಣ್ಣಿಗೆ ಹೊಡೆಯುತ್ತದೆಂದು ಪರದೆಗೆ ಕೈ ಹಾಕಿದೆ.

"ಬಿಡೇ... ಬೆಚ್ಚಗಿದೆ."

ಮಾತು ತೊದಲಿತ್ತು, ಗದರಿಕೆ ಮಾತ್ರ ಅತ್ತೆಯದೇ. ನಾನು ಅಳುತ್ತಲೇ ನಕ್ಕೆ. ಬಿಸಿಲು ಸರಿದ ಹಾಗೆಲ್ಲ ಮಂಚವನ್ನೂ ಸರಿಸುತ್ತಾ ಹೋದೆ; ಕಚೇರಿ ಮರೆತೇಹೋಯಿತು. ಸಂಜೆ ಇವರು ಕೆಲಸದಿಂದ ಬಂದು, "ಅಮ್ಮನ ಮಂಚ ಯಾಕೆ ಬಾಗಿಲಿಗೆ ಬಂತು?" ಎಂದರು.

ಉತ್ತರ ಕೊಟ್ಟಿದ್ದು ಅತ್ತೆ.