ಕೆಂಪು ಬಣ್ಣ ಬಳಿದ ಗೋರಿ

ಜನರಲ್ ಸಾಹೇಬರ ಗೋರಿಯ ಖಾಸಾ ಪಹರೆಗಾರರೂ ನನ್ನ ಏಕೈಕ ಸೋದರಮಾವನವರೂ ಆದ ದಿವಂಗತ ಸಾಬಣ್ಣನವರ ಸನ್ನಿಧಾನಕ್ಕೆ, ಅಳಿಯ ಅಂಬಣ್ಣನ ವರದಿ.

ಮಾವ, ಇವತ್ತು ಸಾಹೇಬರ ಮರಿಮಗಳು ಹೈದರಾಬಾದಿನಿಂದ ಹೂವಿನ ಚಾದರ ತಂದಿದ್ದರು. ಬರಗಾಲದಲ್ಲಿ ದಂಡಿನ ಜೋಳವನ್ನು ದೇವಾಪುರದವರಿಗೆ ಹಂಚಿದ ಮುತ್ತಜ್ಜನ ಕಥೆಯನ್ನು ಥೇಟ್ ನಿಮ್ಮಂತೆಯೇ ಹೇಳಿದರು.

ಕಾಲುವೆ ಸರ್ವೇದವರು ನೀರು ಹಾಯುವ ಜಾಗದ ಕಲ್ಲುಗಳಿಗೆ ಕೆಂಪು ಗುರುತು ಹಾಕುತ್ತ ಹೋದಾಗ, ನಿಮ್ಮನ್ನು ಹೆದರಿಸಲೆಂದು ಗೋರಿಗೂ ಅದೇ ಬಣ್ಣ ಬಳಿದವನು ನಾನು. "ಸಾಹೇಬ್ರನ್ನ ನೀರಾಗ ಮುಳುಗಾಕ ಬಿಡಂಗಿಲ್ಲಲೇ ಅಳಿಯಾ," ಎಂದಿರಿ. ನಾನು ಗಂಭೀರವಾಗಿ ತಲೆಯಾಡಿಸಿ, ಮರೆಗೆ ಹೋಗಿ ಹೊಟ್ಟೆ ಹಿಡಿದು ನಕ್ಕೆ. ಮೂರನೆಯ ದಿನ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದಿರಿ. "ಅವ್ರನ್ನ ಎತ್ತರದ ಜಾಗದಾಗ ಮಲಗಿಸಿ ಬಂದೀನಿ. ಮೈ ಕಾದದ, ನಾಳಿ ತೋರಸ್ತೀನಿ," ಎಂದಿರಿ. ಆ ಜ್ವರದಿಂದ ನೀವು ಏಳಲಿಲ್ಲ. ಕಾಲುವೆ ಬಂತು, ಗೋರಿಯಿಂದ ಅರ್ಧ ಮೈಲಿ ಆಚೆ ಹರಿಯಿತು. ಸಾಹೇಬರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ.

ಆಕೆ ಖಾಲಿ ಗೋರಿಗೆ ಚಾದರ ಹೊದಿಸಿ, ಕಲ್ಲಿಗೆ ಹಣೆ ಹಚ್ಚಿ ಅತ್ತರು. ಎದ್ದು ನನ್ನ ಎರಡೂ ಕೈ ಹಿಡಿದು, "ಇಷ್ಟು ವರ್ಷ ನಮ್ಮವರನ್ನ ನೋಡಿಕೊಂಡವರು ನೀವೇ ಏನ್ರಿ?" ಎಂದು ಕೇಳಿದರು.

ನಾನು "ಹೌದ್ರಿ" ಅಂದುಬಿಟ್ಟೆ, ಮಾವ.