ಚೆಂದ ಕೂತ ಮೂಲೆ

ಸೋಮವಾರ, ಮಾರ್ಚ್ ೧೦

ಅಮ್ಮಾ,

ನಮಸ್ಕಾರ. ಪದ್ಧತಿಗೆ ಬರೆದದ್ದಲ್ಲ, ನಿಜವಾಗಿಯೂ ಕೈ ಮುಗಿದಿದ್ದೇನೆ. ಫೋನಿನಲ್ಲಾದರೆ ಅರ್ಧಕ್ಕೇ ಬೈಯಲು ಶುರುಮಾಡುತ್ತೀಯ, ಅದಕ್ಕೇ ಈ ಕಾಗದ.

ನನ್ನ ಕೆಲಸ ಏನು ಅಂತ ನೀನು ಕೇಳಿದಾಗಲೆಲ್ಲ ಹಾರಿಕೆಯ ಉತ್ತರ ಕೊಟ್ಟಿದ್ದೇನೆ. ಕೇಳು. ಚಿಂದಿ ಕಡಿಮೆ ಉಳಿಯಬೇಕೆಂದರೆ ನಲವತ್ತು ಅಂಗಿಗಳ ತೋಳು, ಬೆನ್ನು, ಕಾಲರುಗಳ ಅಚ್ಚುಗಳನ್ನು ಬಟ್ಟೆಯ ಮೇಲೆ ಎಷ್ಟು ರೀತಿ ಜೋಡಿಸಿ ನೋಡಬಹುದು? ಎಲ್ಲವನ್ನೂ ನೋಡಿ ಮುಗಿಸಲು ಕಂಪ್ಯೂಟರಿಗೂ ಆಯಸ್ಸು ಸಾಲದು. ಹಾಗಾಗಿ ಒಳ್ಳೆಯದೊಂದನ್ನು ಬೇಗ ಹುಡುಕುವ ಯುಕ್ತಿಗಳು ಬೇಕು. ಒಬ್ಬೊಬ್ಬ ಸಂಶೋಧಕರದು ಒಂದೊಂದು ಯುಕ್ತಿ. ಅವನ್ನೆಲ್ಲ ಒಂದೇ ಕಡೆ ಓಡಿಸಿ ಹೋಲಿಸುವ ಚೌಕಟ್ಟನ್ನು ಮೂರು ವರ್ಷದಿಂದ ಕಟ್ಟುತ್ತಿದ್ದೇನೆ. ಮಿಕ್ಸಿ ಅಂದುಕೋ: ಮೋಟಾರು ಒಂದೇ, ಬೇಕಾದ ಜಾರು ಕೂರಿಸಬಹುದು. ಆ ಜಾರಿಗೆ ನಾವು ಪ್ಲಗಿನ್ ಎನ್ನುತ್ತೇವೆ.

ಈಗ ತಪ್ಪೊಪ್ಪಿಗೆ. ಹೋದ ಸಲ ಕಾರ್ಖಾನೆಗೆ ಬಂದಾಗ ನಿನ್ನ ಕಟಿಂಗ್ ಟೇಬಲ್ಲಿನ ಮೇಲಿನ ಶೆಲ್ಫಿನಲ್ಲಿ ಫೋನ್ ಚಾರ್ಜಿಗೆ ಇಟ್ಟೆನಲ್ಲ, ಅದು ಅಚ್ಚು ಜೋಡಿಸುವ ನಿನ್ನ ಕೈಯ ವಿಡಿಯೋ ಮಾಡುತ್ತಿತ್ತು. "ಈ ಗುಟ್ಟು ಬಿಟ್ಕೊಟ್ರೆ ನಾಳೆಯಿಂದ ನನ್ನನ್ನ ಯಾರು ಕೇಳ್ತಾರೆ" ಅಂತ ಇಪ್ಪತ್ತಾರು ವರ್ಷದಿಂದ ನೀನು ಯಾರಿಗೂ ಕಲಿಸಿಲ್ಲ. ಗೊತ್ತಿದ್ದೂ ಕದ್ದೆ.

ಎಲ್ಲ ಅಚ್ಚೂ ಕೂತ ಮೇಲೆ ನೀನು ಬೇಕಂತಲೇ ಒಂದು ಮೂಲೆ ಕೆಡಿಸುತ್ತೀಯ. ಅದೂ ಚಿಂದಿ ಹೆಚ್ಚಿರುವ ಮೂಲೆಯನ್ನಲ್ಲ, ಅತಿ ಚೆಂದ ಕೂತದ್ದನ್ನು! "ಸುಲಭದ್ದೆಲ್ಲ ಇಲ್ಲೇ ಸೇರ್ಕೊಂಡು ತಂಟೆಕೋರರನ್ನ ಆಚೆ ದಬ್ಬಿವೆ" ಅಂತ ನೀನು ಗೊಣಗಿದ್ದೂ ಕೇಳಿಸುತ್ತದೆ. ಆ ಮೂಲೆಯ ಅಚ್ಚುಗಳನ್ನು ಎತ್ತಿಟ್ಟು, ತಂಟೆಕೋರರನ್ನು ಅಲ್ಲಿ ಮೊದಲು ಕೂರಿಸಿ, ಸುಲಭದ್ದನ್ನು ಆಮೇಲೆ ಸಂದಿಗಳಲ್ಲಿ ತುಂಬುತ್ತೀಯ. ಅದನ್ನು ಪ್ಲಗಿನ್ ಮಾಡಹೊರಟರೆ ನನ್ನ ಚೌಕಟ್ಟು ಒಳಗೇ ಬಿಟ್ಟುಕೊಳ್ಳಲಿಲ್ಲ. ಯಾವ ಹೊತ್ತಿಗೂ ಅಷ್ಟೂ ಅಚ್ಚು ಟೇಬಲ್ಲಿನ ಮೇಲಿರಬೇಕು ಎಂಬ ನಿಯಮ ಹಾಕಿದ ಜಾಣೆ ನಾನೇ. ಎರಡು ತಿಂಗಳು ಬುಡದಿಂದ ಬಿಚ್ಚಿ ಕಟ್ಟಿದೆ.

ಓಡಿಸಿದೆ. ಹದಿನೇಳು ಯುಕ್ತಿಗಳು, ಎಲ್ಲ ಘಟಾನುಘಟಿಗಳದ್ದು. ಎಲ್ಲಕ್ಕಿಂತ ಕಡಿಮೆ ಚಿಂದಿ ಉಳಿದದ್ದು ನಿನ್ನದರಲ್ಲಿ! ಯಾಕೆ ಅಳ್ತಿದ್ದೀಯ ಅಂತ ಪಕ್ಕದ ಮೇಜಿನವಳು ಕೇಳಿದಳು. ಇಷ್ಟು ದೊಡ್ಡದನ್ನು ಕೈಯಲ್ಲಿಟ್ಟುಕೊಂಡೇ ನೀನು ನನಗೆ ಜಡೆ ಹಾಕಿದ್ದು, ಕಿವಿ ಹಿಂಡಿದ್ದು. ನಾನೋ, ಅಮ್ಮನಿಗೆ ಲೆಕ್ಕ ಬರುವುದಿಲ್ಲ ಅಂತ ಗೆಳತಿಯರ ಮುಂದೆ ನಕ್ಕವಳು.

ಶುಕ್ರವಾರ ಚೌಕಟ್ಟನ್ನು ಎಲ್ಲರಿಗೂ ಉಚಿತವಾಗಿ ಬಿಡುತ್ತೇವೆ. ನಿನ್ನ ಯುಕ್ತಿ ಅದರಲ್ಲಿದ್ದರೆ ನಿಮ್ಮ ಮಾಲೀಕರ ಕೈಗೂ ಸಿಗುತ್ತದೆ, ನಿನ್ನ ಕೆಲಸಕ್ಕೇ ಕುತ್ತು. ಹಾಕಲೋ, ಬೇಡವೋ? ನೀನು ಹೇಳಿದಂತೆ.

ಇಂತಿ,
ನಿನ್ನ ಕಳ್ಳಿ ಮಗಳು

ತಾ.ಕ.: ಇವತ್ತು ಶನಿವಾರ. ಕಾಗದ ಬ್ಯಾಗಿನಲ್ಲೇ ಉಳಿಯಿತು. ಕೇಳಿದ್ದರೆ ನೀನು ನನ್ನ ಮುಖ ನೋಡಿ "ಹಾಕೇ" ಅಂದುಬಿಡುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ನಿನ್ನೆ ಬಿಡುಗಡೆ ಆಯಿತು, ನಿನ್ನ ಪ್ಲಗಿನ್ ಇಲ್ಲದೆ. ಒಂದನ್ನು ಕಿತ್ತರೂ ಉಳಿದವು ತಮ್ಮಷ್ಟಕ್ಕೆ ಓಡುತ್ತವೆ. ಗೆದ್ದದ್ದನ್ನೇ ಕಿತ್ತುಹಾಕಿದೆ ಅಂತ ನಮ್ಮ ಪ್ರೊಫೆಸರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ, ಬಿಡಲಿ. ವಿಡಿಯೋ ಅಳಿಸಿದ್ದೇನೆ. ಪ್ಲಗಿನ್ನಿನ ಪ್ರತಿ ಈಗ ಇರುವುದು ಒಂದೇ, ಈ ಲಕೋಟೆಯಲ್ಲಿರುವ ಪೆನ್‌ಡ್ರೈವಿನಲ್ಲಿ. ಅದು ನಿನ್ನದು.